ಜಾಡಿಯೊಳಗಿನ ಅತ್ತಿಕಾಯಿಗಳು

ಅತ್ತಿಹಣ್ಣನ್ನು ಬಿಡಿಸಿದರೆ ಬರೀ ಹುಳ ಎಂಬ ಮಾತನ್ನು ಕೇಳಿಕೊಂಡೇ ಬೆಳೆದ ನನಗೆ ಆ ಹುಳಗಳು ಅಲ್ಲಿಗೆ ಹೇಗೆ ಬಂದವು ಎಂದು ವಿಚಾರಿಸಬೇಕೆಂದು ಬಹುಕಾಲ ಅನ್ನಿಸಿರಲಿಲ್ಲ. ಅತ್ತಿಯ ಹೂಗಳೆಲ್ಲ ಕಾಯಿಯ ಒಳಗೇ ಅರಳುತ್ತವೆ, ಅವುಗಳಿಗೆ ಪರಾಗವನ್ನು ತಂದು ಮುಟ್ಟಿಸುವುದು ಒಂದೆರಡು ಮಿಲಿಮೀಟರ್ ಉದ್ದದ ಕಣಜ ಎಂದು ಓದಿದ ಮೇಲೆ, ಕಣ್ಣಾರೆ ನೋಡಿಯೇ ತೀರಬೇಕೆಂದು ಒಂದು ಬೆಳಗಿನಿಂದ ಮರುದಿನದ ಸಂಜೆಯವರೆಗೆ ಬಿಡುವು ಮಾಡಿಕೊಂಡೆ.

ಹಳ್ಳದ ದಂಡೆಯ ಅತ್ತಿಮರ ಬೊಡ್ಡೆಯಿಂದ ದಪ್ಪ ಕೊಂಬೆಗಳವರೆಗೂ ಗೊಂಚಲು ಗೊಂಚಲಾಗಿ ಎಳೆಗಾಯಿ ಬಿಟ್ಟಿತ್ತು. ಕೈಗೆಟುಕಿದ ಒಂದನ್ನು ಸೀಳಿ, ಉಕ್ಕಿ ಬಂದ ಹಾಲನ್ನು ಒರೆಸಿ ಭೂತಗನ್ನಡಿ ಹಿಡಿದಾಗ, ನಡುವಿನ ಟೊಳ್ಳಿನ ಸುತ್ತ ಒಳಮುಖವಾಗಿ ಒತ್ತೊತ್ತಾಗಿ ನಿಂತ ಲೆಕ್ಕವಿಲ್ಲದಷ್ಟು ಹೂಗಳು ಕಂಡವು. ಅವುಗಳ ಮೇಲೆ ರೆಕ್ಕೆಯಿಲ್ಲದ ಕೆಲವು ಕಪ್ಪು ಕಣಜಗಳು ಸತ್ತು ಬಿದ್ದಿದ್ದವು. ಕಾಯಿಯ ತುದಿಯಲ್ಲಿ ಒಂದರ ಮೇಲೊಂದು ಹೊದೆಸಿದ ಪುಟ್ಟ ಪೊರೆಗಳಿಂದ ಮುಚ್ಚಿದ ಒಂದು ಕಿಂಡಿಯಿದೆ. ಆ ಪೊರೆಗಳ ಸಂದಿಯಲ್ಲಿ ಎರಡು ಮುರಿದ ರೆಕ್ಕೆಗಳು, ಗಾಜಿನ ಚೂರಿನಂತೆ ಹೊಳೆಯುತ್ತ, ಸಿಕ್ಕಿಕೊಂಡಿದ್ದವು. ಹೆಣ್ಣು ಕಣಜ ಒಳನುಗ್ಗುವಾಗ ರೆಕ್ಕೆಗಳನ್ನೂ, ಎಷ್ಟೋ ಸಲ ಮೀಸೆಯ ತುಂಡುಗಳನ್ನೂ ಅಲ್ಲಿಯೇ ಕಳೆದುಕೊಳ್ಳುತ್ತದೆ. ಆಮೇಲೆ ಅದು ಹೊರಗೆ ಹಾರುವ ಮಾತೇ ಇಲ್ಲ.

ಒಳಗೆ ಅದರ ಕೆಲಸ ಎರಡು. ಎದೆಯ ತಳಭಾಗದ ಚೀಲಗಳಲ್ಲಿ ತುಂಬಿ ತಂದ ಪರಾಗವನ್ನು ಮುಂಗಾಲುಗಳಿಂದ ತೆಗೆದು ಹೂಗಳಿಗೆ ಸವರುತ್ತದೆ, ಹೂವಿನ ಅಂಡಾಶಯದ ಮೇಲೆ ಕಡ್ಡಿಯಂತೆ ನಿಂತ ಶಲಾಕೆಯ ಮೂಲಕ ಮೊಟ್ಟೆಯಿಡುವ ಕೊಳವೆಯನ್ನು ಇಳಿಸುತ್ತದೆ. ಈ ಶಲಾಕೆಗಳ ಉದ್ದ ಒಂದೇ ಸಮನಾಗಿಲ್ಲ. ಗಿಡ್ಡ ಶಲಾಕೆಯ ಹೂಗಳಲ್ಲಿ ಮೊಟ್ಟೆ ಅಂಡಾಶಯವನ್ನು ತಲುಪಿ, ಆ ಹೂವು ಗಂಟುಕಟ್ಟಿ ಮರಿಹುಳುವಿನ ಗೂಡೂ ಆಹಾರವೂ ಆಗುತ್ತದೆ. ಉದ್ದ ಶಲಾಕೆಯವು ಹೆಚ್ಚಾಗಿ ಪಾರಾಗಿ ಬೀಜವಾಗುತ್ತವೆ. ಮರ ತನ್ನ ಹೂಗಳಲ್ಲಿ ಒಂದು ಪಾಲನ್ನು ಕೂಲಿಯಾಗಿ ಬಿಟ್ಟುಕೊಟ್ಟಂತೆ ನನಗೆ ಕಂಡಿತು.

ಕಣಜಗಳು ಹೊರಬರುವುದನ್ನು ನೋಡಬೇಕೆಂದು ಹಿಂದಿನ ವಾರವೇ ಒಮ್ಮೆ ಪ್ರಯತ್ನಿಸಿ ಸೋತಿದ್ದೆ. ತೀರ ಎಳೆಯ ಕಾಯಿಗಳನ್ನು ಕಿತ್ತು ಜಾಡಿಗೆ ಹಾಕಿದ್ದರಿಂದ ಅವು ಬೂಷ್ಟು ಹಿಡಿದವೇ ಹೊರತು ಒಂದು ಕಣಜವೂ ಬರಲಿಲ್ಲ. ಈ ಸಲ ಹಳ್ಳದ ಮೇಲಿನ ತಿರುವಿನಲ್ಲಿರುವ ಇನ್ನೊಂದು ಮರಕ್ಕೆ ಹೋದೆ. ಅಲ್ಲಿನ ಕಾಯಿಗಳು ಬಲಿತು, ಬಣ್ಣ ತಿರುಗಲು ಸಿದ್ಧವಾಗಿದ್ದವು. ಒಂದು ಮರದ ಕಾಯಿಗಳು ಸಾಮಾನ್ಯವಾಗಿ ಒಟ್ಟಿಗೇ ಬಲಿಯುತ್ತವೆ, ಆದರೆ ಮರದಿಂದ ಮರಕ್ಕೆ ಕಾಲ ಬೇರೆ. ಹುಟ್ಟಿದ ಹೆಣ್ಣು ಕಣಜ ಬೇರೆ ಮರವನ್ನು ಹುಡುಕಿಕೊಂಡು ಹೋಗಲೇಬೇಕಾಗುವುದು ಇದರಿಂದಲೇ. ಆರು ಕಾಯಿಗಳನ್ನು ಜಾಡಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಕಿಟಕಿಯ ಬಳಿ ಇಟ್ಟೆ.

ಮರುದಿನ ನಸುಕಿನಲ್ಲಿ ಎದ್ದು ಒಂದನ್ನು ಹೋಳು ಮಾಡಿದೆ. ಜೇನಿನ ಬಣ್ಣದ, ರೆಕ್ಕೆಯೇ ಇಲ್ಲದ ಗಂಡುಗಳು ಗಂಟುಗಳ ಮೇಲೆ ತೆವಳುತ್ತಿದ್ದವು. ಒಂದು ಗಂಡು ಗಂಟಿನ ಗೋಡೆಯನ್ನು ಕಡಿದು ತೂತು ಮಾಡಿ, ಬಾಗಿದ ಹೊಟ್ಟೆಯ ತುದಿಯನ್ನು ಅದರೊಳಗೆ ಚಾಚಿತು. ಹೆಣ್ಣು ತನ್ನ ಗೂಡಿನಿಂದ ಹೊರಬರುವ ಮೊದಲೇ ಕೂಡಿಕೆ ಮುಗಿದಿರುತ್ತದೆ. ಆ ಕಾಯಿಯನ್ನು ಕತ್ತರಿಸಿ ಅದರ ಸಂಸಾರವನ್ನು ನಾನೇ ಕೆಡಿಸಿದೆನಲ್ಲ ಎಂದು ಕೊಂಚ ಕೆಡುಕೆನಿಸಿತು. ಉಳಿದ ಐದನ್ನು ಮುಟ್ಟಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಒಂದು ಕಾಯಿಯ ತುದಿಯ ಹತ್ತಿರ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಮೂಡಿ, ಅಗಲವಾಗಿ, ಅದರಿಂದ ಗಂಡೊಂದರ ತಲೆ ಇಣುಕಿತು. ಗಂಡುಗಳು ಸೇರಿ ಸುರಂಗ ಕೊರೆದಿದ್ದವು. ಕೆಲವು ಜಾಡಿಯ ತಳಕ್ಕೆ ಉದುರಿ, ದಿಕ್ಕು ತೋಚದೆ ಒಂದೆರಡು ಸುತ್ತು ತೆವಳಿ ನಿಂತುಬಿಟ್ಟವು. ಅವು ಕೊರೆದ ದಾರಿ ಅವುಗಳ ಉಪಯೋಗಕ್ಕಲ್ಲ. ಅದರಿಂದ ಹೆಣ್ಣುಗಳು ಒಂದರ ಹಿಂದೊಂದರಂತೆ ಬರತೊಡಗಿದವು. ಹೊರಡುವ ಮೊದಲೇ ಅವು ಕಾಯಿಯೊಳಗಿನ ಗಂಡುಹೂಗಳಿಂದ ಪರಾಗವನ್ನು ಚೀಲಗಳಿಗೆ ತುಂಬಿಕೊಂಡಿರುತ್ತವೆ. ಒಂದು ಹೆಣ್ಣು ತೂತಿನ ಅಂಚಿನಲ್ಲಿ ನಿಂತು ಮೀಸೆಗಳನ್ನು ಮುಂಗಾಲಿನಿಂದ ಎರಡು ಮೂರು ಬಾರಿ ಒರೆಸಿಕೊಂಡಿತು. ಬಟ್ಟೆ ಬಿಚ್ಚಿ ಜಾಡಿಯನ್ನು ಕಿಟಕಿಯ ಹೊರಗೆ ಚಾಚಿದೆ. ಮಸಿಯ ಹುಡಿಯಂತೆ ಅವು ಗಾಳಿಗೆ ಸೇರಿಹೋದವು.

ಅವುಗಳ ಆಯಸ್ಸು ಒಂದೆರಡು ದಿನ. ಅಷ್ಟರಲ್ಲಿ, ತನ್ನದೇ ಜಾತಿಯ ಅತ್ತಿಯ ಎಳೆಗಾಯಿ ಹೊರಸೂಸುವ ವಾಸನೆಯ ಜಾಡನ್ನು ಹಿಡಿದು ಕಣಜ ತಲುಪಬೇಕು. ನಮೀಬ್ ಮರುಭೂಮಿಯ ಅತ್ತಿಮರಗಳ ನಡುವೆ ಇಂಥ ಕಣಜಗಳು ಗಾಳಿಯ ನೆರವಿನಿಂದ ಸುಮಾರು 160 ಕಿಲೋಮೀಟರ್ ದೂರ ಪರಾಗ ಒಯ್ಯುತ್ತವೆಂದು 2009ರ ಒಂದು ಅಧ್ಯಯನ ತೋರಿಸಿದೆ.

ಇದನ್ನೆಲ್ಲ ಸಹಬಾಳ್ವೆ ಎಂದು ಕರೆಯುವುದು ರೂಢಿ. ಆ ಪದ ನನಗೆ ತುಸು ಮೆದುವೆನಿಸುತ್ತದೆ. ಪನಾಮಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಪರಾಗವಿಲ್ಲದ ಕಣಜಗಳನ್ನು ಒಳಬಿಟ್ಟಾಗ ಕೆಲವು ಜಾತಿಯ ಮರಗಳು ಅಂಥ ಕಾಯಿಗಳಲ್ಲಿ ಬಹಳಷ್ಟನ್ನು ಉದುರಿಸಿಬಿಟ್ಟವು. ಒಳಗಿನ ಮರಿಗಳೂ ಅದರೊಂದಿಗೆ ಹೋದವು. ಕೂಲಿ ತೆಗೆದುಕೊಂಡು ಕೆಲಸ ಮಾಡದವರೊಡನೆ ಮರ ಕಟ್ಟುನಿಟ್ಟಾಗಿ ವರ್ತಿಸುತ್ತದೆ.

ಮಧ್ಯಾಹ್ನ ದಂಡೆಯ ಮರಕ್ಕೆ ಮರಳಿದಾಗ ಬೇರೊಂದು ಬಗೆಯ ಕಣಜವೂ ಕಂಡಿತು. ಪರಾಗದ ಗೊಡವೆಗೇ ಹೋಗದೆ, ತನ್ನ ಮೈಗಿಂತ ಉದ್ದದ ನೂಲಿನಂಥ ಕೊಳವೆಯನ್ನು ಹೊರಗಿನಿಂದಲೇ ಕಾಯಿಗೆ ಚುಚ್ಚಿ ಅದು ನಿಂತಿತ್ತು. ಎಲೆ ಹೆಣೆದು ಗೂಡು ಕಟ್ಟುವ ಕೆಂಜಿಗಗಳು ಅದೇ ಗೊಂಚಲಿನ ಮೇಲೆ ಓಡಾಡುತ್ತಿದ್ದು, ಕೊಳವೆಯನ್ನು ಬೇಗನೆ ಎಳೆದುಕೊಳ್ಳಲಾಗದ ಆ ಕಣಜವನ್ನು ಒಂದು ಕೆಂಜಿಗ ಸೊಂಟದಲ್ಲಿ ಕಚ್ಚಿ ಕೊಂಡೊಯ್ದಿತು.

ಹೊರಡುವ ಹೊತ್ತಿಗೆ, ಕಣ್ಣಿನ ಎತ್ತರದ ಒಂದು ಕಾಯಿಯ ತುದಿಯಲ್ಲಿ ಹೆಣ್ಣು ಕಣಜವೊಂದು ಪೊರೆಗಳ ಅಡಿಗೆ ಚಪ್ಪಟೆ ತಲೆಯನ್ನು ತೂರಿಸುತ್ತಿತ್ತು. ಬೆಳಿಗ್ಗೆ ನನ್ನ ಜಾಡಿಯಿಂದ ಹಾರಿದ್ದೇ ಇದು ಎಂದುಕೊಳ್ಳಲು ಆಸೆಯಾಯಿತು, ಆದರೆ ಅದಕ್ಕೆ ಆಧಾರವೇನೂ ಇರಲಿಲ್ಲ. ತಲೆ ಹೋಯಿತು, ಎದೆ ಹೋಯಿತು. ರೆಕ್ಕೆಗಳು ಮಾತ್ರ ಹಿಂದಕ್ಕೆ ಮಡಚಿ ಕಿಂಡಿಯ ಹೊರಗೆ ಉಳಿದವು. ಹಿಂಗಾಲುಗಳು ಸ್ವಲ್ಪ ಹೊತ್ತು ಒದ್ದಾಡಿದವು. ಕೊನೆಗೆ ಒಂದು ರೆಕ್ಕೆ ಕಳಚಿ ಹಾಲಿನ ಹನಿಯೊಂದಕ್ಕೆ ಅಂಟಿಕೊಂಡಿತು, ಕಣಜ ಒಳಗೆ ಮರೆಯಾಯಿತು.