ಬಮಾಕೊದ ಶನಿವಾರ ರಾತ್ರಿಗಳು

2017ರ ಕೊನೆಯಲ್ಲಿ ಪ್ಯಾರಿಸ್ಸಿನ ಕಾರ್ತಿಯೇ ಪ್ರತಿಷ್ಠಾನದಲ್ಲಿ ಮಾಲಿ ದೇಶದ ಛಾಯಾಗ್ರಾಹಕ ಮಾಲಿಕ್ ಸಿದಿಬೆ ಅವರ ಚಿತ್ರಗಳನ್ನು ಇಟ್ಟಿದ್ದರು. ಹಿಂದಿನ ವರ್ಷದ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಿದ್ದರು. ಕೆಲಸದ ಮೇಲೆ ಅಲ್ಲಿದ್ದ ನಾನು ಗೆಳೆಯನೊಂದಿಗೆ ಒಳಹೊಕ್ಕದ್ದು, ನಿಜ ಹೇಳಬೇಕೆಂದರೆ, ಹೊರಗಿನ ಚಳಿ ತಾಳಲಾರದೆ.

ಜನರೆಲ್ಲ 1963ರ ಹೆಸರಾಂತ ‘ಕ್ರಿಸ್‌ಮಸ್ ರಾತ್ರಿ’ಯಂಥ ದೊಡ್ಡ ಚಿತ್ರಗಳ ಮುಂದೆ ಮುತ್ತಿಕೊಂಡಿದ್ದರು. ಬಿಳಿ ಸೂಟಿನ ಹುಡುಗ, ಬರಿಗಾಲಿನ ಹುಡುಗಿ. ಹಣೆಗೆ ಹಣೆ ತಾಗುವಷ್ಟು ಹತ್ತಿರ. ಇಬ್ಬರ ಕಣ್ಣೂ ಹೆಜ್ಜೆಯ ಮೇಲೆ. ಪ್ರೇಮಿಗಳಲ್ಲ, ಒಡಹುಟ್ಟಿದವರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಮಾಸಿದ ರಟ್ಟಿನ ಕಡತಗಳು. ಅಂಗೈಯಲ್ಲಿ ಹಿಡಿಸುವಂಥ ಫೋಟೊಗಳನ್ನು ಸಾಲುಸಾಲಾಗಿ ಅಂಟಿಸಿ, ಸಂಖ್ಯೆ ಹಾಕಿ, ಕೂಟದ ಹೆಸರು, ದಿನಾಂಕ ಬರೆದಿದ್ದರು. 1960ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಮಾಲಿಯ ರಾಜಧಾನಿ ಬಮಾಕೊದ ಹುಡುಗ ಹುಡುಗಿಯರು ಕ್ಲಬ್ಬು ಕಟ್ಟಿಕೊಂಡು ಶನಿವಾರ ರಾತ್ರಿ ಟ್ವಿಸ್ಟ್ ಕುಣಿಯುತ್ತಿದ್ದರು. ಸಿದಿಬೆ ಸೈಕಲ್ ತುಳಿಯುತ್ತ ಒಂದು ಕೂಟದಿಂದ ಇನ್ನೊಂದಕ್ಕೆ ಹೋಗಿ ಕ್ಲಿಕ್ಕಿಸುತ್ತಿದ್ದರು; ಬಗದಾಜಿ ಬಡಾವಣೆಯ ತಮ್ಮ ಸ್ಟುಡಿಯೊಗೆ ಮರಳಿ ಬೆಳಗಾಗುವವರೆಗೆ ರೀಲು ತೊಳೆಯುತ್ತಿದ್ದರು. ಕುಣಿದವರು ಬಂದು, ಕಡತದಲ್ಲಿ ತಮ್ಮ ಮುಖ ಹುಡುಕಿ, ಬೇಕಾದ ಪ್ರತಿಗೆ ಹೇಳಿ ಹೋಗುತ್ತಿದ್ದರು. ನಮ್ಮ ಮದುವೆ ಫೋಟೊಗ್ರಾಫರುಗಳು ಹಿಂದೆ ಕೊಡುತ್ತಿದ್ದ ಪ್ರೂಫ್ ಆಲ್ಬಮ್ಮಿನಂತೆಯೇ.

ಹೊಸ ದೇಶದ ಉಲ್ಲಾಸ ಈ ಮುಖಗಳಲ್ಲಿದೆ ಎಂದು ಬಲ್ಲವರು ಬರೆಯುತ್ತಾರೆ. ಸುಳ್ಳಲ್ಲ. ಆದರೆ ಸೊಟ್ಟ ಮೋರೆಯ ಫೋಟೊಗೆ ಯಾರು ಕಾಸು ಬಿಚ್ಚುತ್ತಾರೆ? ಗಿರಾಕಿ ಮರುದಿನ ಕಡತ ತೆರೆದಾಗ ತಾನು ಚೆನ್ನಾಗಿ ಕಾಣಬೇಕೆಂದು ಬಯಸುತ್ತಾನೆಂಬುದು ಸಿದಿಬೆಗೆ ಗೊತ್ತಿತ್ತು. ಕ್ಯಾಮೆರಾ ರಿಪೇರಿಯನ್ನೂ ಮಾಡುತ್ತಿದ್ದ ಆಸಾಮಿ. ವ್ಯಾಪಾರದ ನಾಡಿ ಬಲ್ಲವರು. 2007ರಲ್ಲಿ ವೆನಿಸ್ ಬಿಯೆನಾಲೆ ಎಂಬ ಕಲಾಮೇಳ ಅವರಿಗೆ ಜೀವಮಾನ ಸಾಧನೆಗಾಗಿ ಚಿನ್ನದ ಸಿಂಹ ಪ್ರಶಸ್ತಿ ಕೊಟ್ಟಿತು, ಒಬ್ಬ ಛಾಯಾಗ್ರಾಹಕನಿಗೆ ಅದು ಸಂದದ್ದು ಅದೇ ಮೊದಲು. ಆ ಸಿಂಹವೂ ಈ ಅಂಟಿನ ಡಬ್ಬಿಗೆ ಋಣಿಯಾಗಿರಬೇಕು ಎಂಬುದು ನನ್ನ ಅಂಬೋಣ.

ಪಕ್ಕದಲ್ಲಿ ಉದ್ದ ನಿಲುವಂಗಿಯ ಹಿರಿಯರೊಬ್ಬರು ಕನ್ನಡಕ ಹಣೆಗೇರಿಸಿ, ಮೂಗು ಗಾಜಿಗೆ ತಾಗುವಷ್ಟು ಬಾಗಿ ಒಂದೊಂದೇ ಚೌಕ ನೋಡುತ್ತಿದ್ದರು. ಒಂದು ಬೆಲ್‌ಬಾಟಮ್ ಪ್ಯಾಂಟಿನ ಮೇಲೆ ಬೆರಳಿಟ್ಟು ಜೊತೆಗಿದ್ದ ಹುಡುಗನಿಗೆ ಏನೋ ಹೇಳಿ ಬಿದ್ದು ಬಿದ್ದು ನಕ್ಕರು. ಕಾವಲಿನವಳು ಗಾಜು ಮುಟ್ಟಬೇಡಿ ಎಂದಳು. ಕೈ ತೆಗೆದರು, ನಗು ನಿಲ್ಲಲಿಲ್ಲ.

ಗೆಳೆಯ ಬಂದು, ದೊಡ್ಡ ಚಿತ್ರಗಳನ್ನು ಬಿಟ್ಟು ಇಲ್ಲೇನು ಮಾಡುತ್ತಿದ್ದೀಯ ಎಂದು ರೇಗಿದ. ಇನ್ನೆರಡು ಕಡತ ಬಾಕಿ ಇವೆ, ನೀನು ಕಾಫಿ ಕುಡಿದು ಬಾ ಎಂದೆ.