ಮಲ್ಲಿಗೆ ಕಟ್ಟಲಾಗದ ಕೈ

8 ಏಪ್ರಿಲ್ 2025, ಮಂಗಳವಾರ
ಶಂಕರಪುರ, ಉಡುಪಿ

ಡಾಕ್ಟರ್ ಇವತ್ತು ಎರಡೂ ಮಣಿಕಟ್ಟು ಕೆಳಕ್ಕೆ ಮಡಚಿ, ಕೈಗಳ ಹಿಂಬದಿಯನ್ನು ಒಂದಕ್ಕೊಂದು ಒತ್ತಿ ಹಿಡಿಯಲು ಹೇಳಿದರು. ಒಂದು ನಿಮಿಷ ಹಿಡಿಯಬೇಕಿತ್ತು. ಅರ್ಧದಲ್ಲೇ ಜೋಮು ಶುರುವಾಯಿತು. "ಕಿರುಬೆರಳಿಗೂ ಉಂಟಾ?" ಎಂದು ಕೇಳಿದರು. ಅದಕ್ಕೇನೂ ಆಗಿರಲಿಲ್ಲ.

ಕಾರ್ಪಲ್ ಟನೆಲ್ ಎಂಬ ಮಣಿಕಟ್ಟಿನ ತೊಂದರೆಯಂತೆ. ಮಣಿಕಟ್ಟಿನ ಮೂಳೆಗಳ ಮೇಲೆ ಒಂದು ಗಟ್ಟಿ ಪಟ್ಟಿ ಇರುತ್ತದೆ. ಅದರಡಿಯ ಇಕ್ಕಟ್ಟು ದಾರಿಯಲ್ಲಿ ಬೆರಳು ಮಡಚುವ 9 ಸ್ನಾಯುರಜ್ಜುಗಳೂ ಮೀಡಿಯನ್ ನರವೂ ಹೋಗುತ್ತವೆ. ನನ್ನಂಥ ಬಸುರಿಯ ಮೈಯಲ್ಲಿ ನೀರು ಜಾಸ್ತಿ ನಿಂತರೆ ಅಲ್ಲೂ ಊದುತ್ತದೆ, ನರಕ್ಕೆ ಒತ್ತಡ ಬೀಳುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ ಆ ನರದ್ದು. ಕಿರುಬೆರಳಿಗೆ ಬೇರೆಯದೇ ನರ.

ಮಲ್ಲಿಗೆ ಕಟ್ಟಲು ಬೇಕಾದವೂ ಅವೇ ಬೆರಳುಗಳು! ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರು ಎಷ್ಟು ಬಿಗಿಯಬೇಕು ಎಂದು ಹೇಳುವುದು ಕಣ್ಣಲ್ಲ, ಬೆರಳ ತುದಿ. ನನಗೀಗ ಅದೇ ಗೊತ್ತಾಗುವುದಿಲ್ಲ. ಸಡಿಲವಾದರೆ ಹೂವು ಜಾರುತ್ತದೆ, ಬಿಗಿದರೆ ತೊಟ್ಟು ತುಂಡಾಗುತ್ತದೆ. ಹೂವು ಮಾರಾಟದ ಕಟ್ಟೆಗೆ ಹೋಗುವ ಹೊತ್ತು ನನಗೋಸ್ಕರ ಕಾಯುವುದಿಲ್ಲವಲ್ಲ.

"ಏಳು ತಿಂಗಳಿಗೆ ಕೈಕಾಲು ಊದದೆ ಮತ್ತೆಂತ? ಎಣ್ಣೆ ತಿಕ್ಕು ಮಾರಾಯ್ತಿ," ಎನ್ನುತ್ತಿದ್ದರು ಅಮ್ಮ. ಊದುವುದು ಸಹಜವೇ ಇರಬಹುದು. ಸಹಜ ಎಂದ ಮಾತ್ರಕ್ಕೆ ನೋವು ಸುಮ್ನೆ ತಡ್ಕೊಬೇಕು ಅಂತಿದೆಯಾ? ರಾತ್ರಿ ಎದ್ದು ಕೈ ಕೊಡವುತ್ತಾ ಕೂರುವವಳು ನಾನು. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಳ್ಳುವುದರಿಂದಲೇ ರಾತ್ರಿ ಜಾಸ್ತಿಯಂತೆ.

ಮಲಗುವಾಗ ಮಣಿಕಟ್ಟು ನೆಟ್ಟಗೆ ಇಡುವ ಸ್ಪ್ಲಿಂಟ್ ಕೊಟ್ಟಿದ್ದಾರೆ. ಈ ಸೆಕೆಯಲ್ಲಿ ಅದನ್ನು ಹಾಕಿ ಮಲಗುವುದು ಒಂದು ಶಿಕ್ಷೆ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಈಗ ನಮ್ಮಷ್ಟಕ್ಕೆ ನುಂಗಬಾರದಂತೆ. ಬಿಪಿಯನ್ನೂ ನೋಡಿದರು, ಸರಿ ಇದೆ. ಮುಖ, ಕೈ ಇದ್ದಕ್ಕಿದ್ದಂತೆ ಊದಿ, ಜೋರು ತಲೆನೋವು ಬಂದರೆ ಅಥವಾ ಕಣ್ಣು ಮಂಜಾದರೆ ಕಾಯದೆ ಬರಲು ಹೇಳಿದ್ದಾರೆ. ಆಗ ಅದು ಬರೀ ಕೈಯ ವಿಷಯ ಅಲ್ಲ.

ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ವಾರಗಳಲ್ಲೋ ಕೆಲವು ತಿಂಗಳಲ್ಲೋ ಕಡಿಮೆಯಾಗುತ್ತದಂತೆ. ಹಾಲು ಕುಡಿಸುವ ದಿನಗಳಲ್ಲಿ ಕೆಲವರಿಗೆ ಮುಂದುವರಿಯುವುದೂ ಉಂಟು. ಮಗುವನ್ನು ಮಣಿಕಟ್ಟು ಬಗ್ಗಿಸಿ ಹಿಡಿಯದೆ ಕೆಳಗೆ ದಿಂಬು ಇಟ್ಟುಕೊಳ್ಳಿ ಎಂದರು. ಹೂವು ಕಟ್ಟುವ ಕೆಲಸ ಸದ್ಯಕ್ಕೆ ಅತ್ತಿಗೆಯದು. ಲೆಕ್ಕದ ಪುಸ್ತಕ ಬರೆಯಲು ನನಗೆ ಕೊಟ್ಟಿದ್ದಾರೆ. ಪೆನ್ನು ಹಿಡಿಯುವುದೂ ಅದೇ ಬೆರಳುಗಳಲ್ಲಿ ಎಂದು ಇನ್ನು ಅಮ್ಮನಿಗೆ ಹೇಳಬೇಕು.