ಡೆನ್ಮಾರ್ಕಿನ ಹಸಿರುಮನೆಯಲ್ಲಿ ತರಬೇತಿ: ಕೆಲಸ ಮುಗಿದ ಮೇಲಿನ ಹೊತ್ತಿಗೆ ಸಿದ್ಧತೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯಿಂದ ಕೃಷಿಯನ್ನೋ ತೋಟಗಾರಿಕೆಯನ್ನೋ ಓದುತ್ತಿರುವವರು ಡೆನ್ಮಾರ್ಕಿನ ತರಬೇತಿಯ ಬಗ್ಗೆ ವಿಚಾರಿಸಲು ಬಂದಾಗ ಅವರ ಪ್ರಶ್ನೆಗಳು ವೀಸಾ, ಸಂಬಳ ಮತ್ತು ಚಳಿಯನ್ನು ದಾಟಿ ಮುಂದೆ ಹೋಗುವುದು ಕಡಿಮೆ. ಜೊತೆಗೆ ಬಂದ ಹಿರಿಯರು ಊಟದ ಚಿಂತೆಯನ್ನು ಸೇರಿಸುತ್ತಾರೆ. ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಅಲ್ಲಿ ಕೆಲಸದ ವಾರವೆಂದರೆ 37 ಗಂಟೆ. ಸಂಜೆ ನಾಲ್ಕರೊಳಗೆ ಕೈ ತೊಳೆದುಕೊಂಡು ಹೊರಬಿದ್ದ ಮೇಲೆ ಉಳಿಯುವ ಹೊತ್ತನ್ನು ಏನು ಮಾಡಬೇಕೆಂದು ಮೊದಲೇ ಯೋಚಿಸಿಕೊಂಡು ಹೋದವರು ಆ ದೇಶವನ್ನು ಕಂಡು ಬರುತ್ತಾರೆ. ಉಳಿದವರು ಕೋಣೆಯಲ್ಲಿ ಮೊಬೈಲ್ ಹಿಡಿದು ಕುಳಿತು, ಹಸಿರುಮನೆಯ ಗಾಜಿನ ಗೋಡೆಯನ್ನಷ್ಟೇ ನೋಡಿ ಬರುತ್ತಾರೆ. ನಾನು ತರಬೇತಿ ಪಡೆದದ್ದು ಫ್ಯೂನ್ ದ್ವೀಪದ ಓಡೆನ್ಸೆ ನಗರದಾಚೆಯ ಒಂದು ನರ್ಸರಿಯಲ್ಲಿ. ಕುಂಡದಲ್ಲಿ ಬೆಳೆಸುವ ಹೂಗಿಡಗಳಿಗೆ ಆ ದ್ವೀಪ ಹೆಸರಾದದ್ದು. ಕೆಲಸದ ವಿವರಗಳನ್ನು ಬದಿಗಿಟ್ಟು, ಬಿಡುವಿನ ವೇಳೆಯ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ನಿಯಮಗಳ ಮಾತನ್ನು ಬೇಗ ಮುಗಿಸುತ್ತೇನೆ. ಕೃಷಿ ತರಬೇತಿಯ ಪರವಾನಗಿ ಸಿಗುವುದು 18ರಿಂದ 30 ವರ್ಷದೊಳಗಿನವರಿಗೆ, ಹೆಚ್ಚೆಂದರೆ 12 ತಿಂಗಳ ಮಟ್ಟಿಗೆ; ತರಬೇತಿಯು ನೀವು ಓದುತ್ತಿರುವ ವಿಷಯಕ್ಕೆ ಪೂರಕವಾಗಿರಬೇಕು. ನಿಯಮಗಳು ಆಗಾಗ ಬದಲಾಗುವುದರಿಂದ ಏಜೆಂಟರ ಮಾತಿಗಿಂತ ಅಲ್ಲಿನ ಸರ್ಕಾರದ ‘ನ್ಯೂ ಟು ಡೆನ್ಮಾರ್ಕ್’ ಜಾಲತಾಣವನ್ನು ನೀವೇ ಓದುವುದು ಕ್ಷೇಮ. ಪರವಾನಗಿಯು ಆ ಒಬ್ಬ ಮಾಲೀಕನ ಕೆಲಸಕ್ಕೆ ಮಾತ್ರ ಅನ್ವಯಿಸುತ್ತದೆಯಾದ್ದರಿಂದ ಶನಿವಾರ ಭಾನುವಾರ ಹೋಟೆಲಿನಲ್ಲಿ ಪಾತ್ರೆ ತೊಳೆದು ನಾಲ್ಕು ಕಾಸು ಮಾಡಿಕೊಳ್ಳೋಣ ಎಂಬ ಆಲೋಚನೆಯನ್ನು ಊರಿನಲ್ಲೇ ಬಿಟ್ಟು ಹೋಗಿ; ಸಿಕ್ಕಿಬಿದ್ದರೆ ವಾಪಸು ಕಳಿಸುತ್ತಾರೆ. ಅಂದರೆ ವಾರದ ಕೊನೆಯ ಎರಡು ದಿನಗಳು ಕಾನೂನಿನ ಪ್ರಕಾರವೇ ನಿಮ್ಮವು.

ಹೋದ ಕೂಡಲೇ ಸಿಪಿಆರ್ ಎಂಬ ನಾಗರಿಕ ನೋಂದಣಿ ಸಂಖ್ಯೆ ಮಾಡಿಸಿಕೊಳ್ಳಬೇಕು, ಆಮೇಲೆ ಬ್ಯಾಂಕ್ ಖಾತೆ, ಆಮೇಲೆ ಮಿಟ್‌ಐಡಿ ಎಂಬ ಡಿಜಿಟಲ್ ಗುರುತು. ಈ ಸಾಲು ಮುಗಿಯುವವರೆಗೆ ಫೋನಿನಲ್ಲಿ ಹಣ ಕಳಿಸುವ ಮೊಬೈಲ್‌ಪೇ ಬಳಸಲಾಗದು, ಮೊಬೈಲ್‌ಪೇ ಇಲ್ಲದಿದ್ದರೆ ಗೆಳೆಯರೊಂದಿಗೆ ಕಾಫಿಯ ದುಡ್ಡು ಹಂಚಿಕೊಳ್ಳುವುದೂ ಕಷ್ಟ. ಮೊದಲ ವಾರಗಳ ತಿರುಗಾಟಕ್ಕೆ ಊರಿನಿಂದಲೇ ಫಾರೆಕ್ಸ್ ಕಾರ್ಡ್ ಒಯ್ಯುವುದು ಒಳ್ಳೆಯದು.

ನರ್ಸರಿಗಳು ಊರಿನಿಂದ ದೂರ ಇರುತ್ತವೆ, ಬಸ್ಸು ಸಂಜೆಯ ಮೇಲೆ ವಿರಳ. ಹಾಗಾಗಿ ಮೊದಲ ಸಂಬಳದಲ್ಲಿ ಕೊಳ್ಳಬೇಕಾದ ವಸ್ತು ಸೈಕಲ್ಲು. ಹೊಸದು ಬೇಡ, ಅಲ್ಲಿನ ಹಳೆ ಸಾಮಾನಿನ ಸಂತೆಗಳಲ್ಲಿ ಗಟ್ಟಿಮುಟ್ಟಾದ ಸೈಕಲ್ಲುಗಳು ಸಿಗುತ್ತವೆ. ಕತ್ತಲಾದ ಮೇಲೆ ಹಿಂದೆ ಮುಂದೆ ದೀಪ ಕಡ್ಡಾಯ, ತಿರುಗುವಾಗಲೂ ನಿಲ್ಲುವಾಗಲೂ ಕೈಸನ್ನೆ ಮಾಡಬೇಕು, ತಪ್ಪಿದರೆ ದಂಡ. ಮಲೆನಾಡಿನ ಜಡಿಮಳೆಯಲ್ಲಿ ಬೆಳೆದ ನಮಗೆ ಅಲ್ಲಿನ ಮಳೆ ಲೆಕ್ಕಕ್ಕೇ ಅಲ್ಲ. ಆದರೆ ಎದುರುಗಾಳಿಗೆ ನಮ್ಮಲ್ಲಿ ಯಾವ ಅಭ್ಯಾಸವೂ ಇರುವುದಿಲ್ಲ. ಕೊಡೆಯನ್ನು ಮರೆತು, ಪ್ಯಾಂಟಿನ ಸಹಿತ ಇರುವ ಮಳೆ ಉಡುಪನ್ನು ಅಲ್ಲಿಯೇ ಕೊಳ್ಳಿ.

ಇನ್ನು ಜನರ ವಿಚಾರ. ಡೆನ್ಮಾರ್ಕಿನವರು ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸಿ ಮನೆಗೆ ಕರೆಯುವವರಲ್ಲ. ಅವರ ಸ್ನೇಹವೆಲ್ಲ ಸಂಘಗಳ ಮೂಲಕ. ಹಾಡಿಗೊಂದು ಸಂಘ, ಈಜಿಗೊಂದು ಸಂಘ, ಜೇನು ಸಾಕಣೆಗೊಂದು ಸಂಘ. ಸಣ್ಣ ಹಳ್ಳಿಯಲ್ಲಿಯೂ ಒಂದು ಒಳಾಂಗಣ ಕ್ರೀಡಾಂಗಣ ಇರುತ್ತದೆ. ನಮ್ಮವರಿಗೆ ಇವುಗಳಲ್ಲಿ ಸುಲಭವಾದ ಬಾಗಿಲೆಂದರೆ ಬ್ಯಾಡ್ಮಿಂಟನ್. ಒಲಿಂಪಿಕ್ ಚಾಂಪಿಯನ್ ವಿಕ್ಟರ್ ಆಕ್ಸೆಲ್ಸೆನ್ ಹುಟ್ಟಿ ಆಡಿ ಬೆಳೆದದ್ದು ಓಡೆನ್ಸೆಯಲ್ಲಿಯೇ, ಆದ್ದರಿಂದ ಆ ಭಾಗದಲ್ಲಿ ಆಟದ ಹುಚ್ಚು ಕೇಳಬೇಕಾದ್ದಿಲ್ಲ. ಕ್ಲಬ್ಬುಗಳ ಹಂಗಾಮು ಸೆಪ್ಟೆಂಬರಿನ ಹೊತ್ತಿಗೆ ಆರಂಭವಾಗಿ ವಸಂತದವರೆಗೆ ನಡೆಯುತ್ತದೆ. ಶುಲ್ಕವನ್ನು ಇಡೀ ಹಂಗಾಮಿಗೆ ಒಟ್ಟಿಗೆ ಕಟ್ಟುವುದರಿಂದ ಮೊದಲಿಗೆ ದುಬಾರಿ ಎನಿಸುತ್ತದೆ, ಆದರೆ ಚಳಿಗಾಲದ ಪ್ರತಿ ವಾರವೂ ಒಂದು ನಿಗದಿತ ಸಂಜೆ ಒಂದಷ್ಟು ಜನ ನಿಮ್ಮ ದಾರಿ ಕಾಯುತ್ತಿರುತ್ತಾರೆ ಎಂಬುದಕ್ಕೆ ಆ ಬೆಲೆ ಕಡಿಮೆಯೇ. ಆಟ ಮುಗಿದ ಮೇಲೆ ನೆಟ್ಟು ಬಿಚ್ಚಿಡುವ ಕೆಲಸಕ್ಕೆ ಕೈಜೋಡಿಸಿ. ಮಾತು ಶುರುವಾಗುವುದು ಆಟದಂಗಳದಲ್ಲಲ್ಲ, ಆ ಹೊತ್ತಿನಲ್ಲಿ. ರ‍್ಯಾಕೆಟ್ಟನ್ನು ಶಿರಸಿಯಿಂದಲೇ ಒಯ್ದರೆ ಹಣ ಉಳಿಯುತ್ತದೆ.

ಎರಡನೆಯ ಬಾಗಿಲು ಭಾಷಾ ತರಗತಿ. ಎಲ್ಲರಿಗೂ ಇಂಗ್ಲಿಷ್ ಬರುತ್ತದೆ, ಮತ್ತೇಕೆ ಡೇನಿಷ್ ಎಂದು ಹಲವರು ಕೇಳುತ್ತಾರೆ. ಭಾಷೆಗಾಗಿ ಅಲ್ಲದಿದ್ದರೂ ಸಹಪಾಠಿಗಳಿಗಾಗಿ ಹೋಗಿ. ಸಂಜೆಯ ತರಗತಿಯಲ್ಲಿ ಉಕ್ರೇನ್, ರೊಮೇನಿಯಾಗಳ ಕೃಷಿ ಕಾರ್ಮಿಕರು, ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಫಿಲಿಪ್ಪೀನ್ಸ್ ಹುಡುಗಿಯರು, ವಿಶ್ವವಿದ್ಯಾಲಯದ ಭಾರತೀಯರು ಎಲ್ಲರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಉಚ್ಚಾರಕ್ಕೆ ನಾಲಗೆ ತಿರುಚುತ್ತಿರುತ್ತಾರೆ. ಭಾನುವಾರದ ತಿರುಗಾಟಕ್ಕೆ ಸಂಗಾತಿಗಳು ಸಿಗುವುದು ಅಲ್ಲಿ. ಬರೀ ಭಾರತೀಯರ ಗುಂಪನ್ನೇ ಹುಡುಕಿಕೊಳ್ಳುವುದು ಸುಲಭ, ಆದರೆ ಆ ಗುಂಪಿನ ಸಂಜೆಗಳು ಸಂಬಳದ ಲೆಕ್ಕಾಚಾರದಲ್ಲಿಯೇ ಕಳೆದುಹೋಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಕೆಲಸದ ಜಾಗದಲ್ಲಿಯೂ ಕೆಲವು ರೂಢಿಗಳಿವೆ. ಹುಟ್ಟುಹಬ್ಬವಿದ್ದವರೇ ಎಲ್ಲರಿಗೂ ಕೇಕು ತರಬೇಕು. ಊಟಕ್ಕೆ ಕರೆದವರು ಆರು ಗಂಟೆ ಎಂದರೆ ಆರಕ್ಕೆ ಐದು ನಿಮಿಷವಿರುವಾಗ ಬಾಗಿಲ ಬಳಿ ಇರಬೇಕು, ಆರೂಕಾಲು ಅಲ್ಲ. ಬೂಟು ಹೊರಗೆ ಬಿಡಬೇಕು, ಇದೊಂದು ನಮಗೆ ಹೊಸತಲ್ಲ. ಪಾರ್ಟಿಗಳಲ್ಲಿ ಬಿಯರ್ ಧಾರಾಳವಾಗಿ ಹರಿಯುತ್ತದೆ. ಕುಡಿಯದವನು ಕೈಯಲ್ಲಿ ಸೋಡಾ ಹಿಡಿದು ನಿಂತರೆ ಒತ್ತಾಯಿಸುವವರು ಯಾರೂ ಇಲ್ಲ. ಹಾಗೆಂದು ಕುಡಿಯುವುದಿಲ್ಲವೆಂಬ ಕಾರಣಕ್ಕೆ ಪಾರ್ಟಿಗೇ ಹೋಗದೆ ಇರಬೇಡಿ. ಮಾರನೆಯ ವಾರದ ಕಾಫಿ ವಿರಾಮದಲ್ಲಿ ಎಲ್ಲರೂ ಅದರ ಮಾತನ್ನೇ ಆಡುತ್ತಿರುವಾಗ ನೀವೊಬ್ಬರೇ ಮೂಲೆಯಲ್ಲಿ ಉಳಿಯುತ್ತೀರಿ.

ಸಸ್ಯಾಹಾರಿಗಳು ಒಂದಷ್ಟು ಎಚ್ಚರ ವಹಿಸಬೇಕು. ಮಿಠಾಯಿಗಳಲ್ಲಿ, ಕೆಲವು ಸಿಹಿ ತಿನಿಸುಗಳಲ್ಲಿ ಪ್ರಾಣಿಜನ್ಯವಾದ ಜೆಲಾಟಿನ್ ಇರುತ್ತದೆ, ಪೊಟ್ಟಣ ಓದದೆ ಬಾಯಿಗೆ ಹಾಕಬೇಡಿ. ಮೊಸರಿನ ಚಿಂತೆ ಬೇಡ. ‘ಟ್ಯುಕ್‌ಮೆಲ್ಕ್’ ಎಂಬ ಹೆಸರಿನಲ್ಲಿ ಪೆಟ್ಟಿಗೆಯಲ್ಲಿ ಬರುವ ಹುದುಗಿಸಿದ ಹಾಲು ನಮ್ಮ ತಂಬುಳಿಗೆ ಹೇಳಿ ಮಾಡಿಸಿದಂತಿದೆ. ಏಪ್ರಿಲ್ ಮೇ ತಿಂಗಳಲ್ಲಿ ಅಲ್ಲಿನ ಜನ ಕಾಡಿಗೆ ಹೋಗಿ ‘ರಾಮ್ಸ್‌ಲೊಯ್’ ಎಂಬ ಕಾಡು ಬೆಳ್ಳುಳ್ಳಿಯ ಎಲೆ ಕೊಯ್ದು ತರುತ್ತಾರೆ. ಒಂದೆಲಗ ಕಿತ್ತು ತರುವ ಅಭ್ಯಾಸವಿರುವ ನಮಗೆ ಇದಕ್ಕಿಂತ ಸಂತೋಷದ ವಿಹಾರವಿಲ್ಲ. ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ ಮೆಣಸಿನೊಂದಿಗೆ ಅರೆದು ಟ್ಯುಕ್‌ಮೆಲ್ಕಿನಲ್ಲಿ ಕದಡಿದರೆ ತಂಬುಳಿಯಾಗುತ್ತದೆ. ಮನೆಯಲ್ಲಿ ಬೆಳ್ಳುಳ್ಳಿ ನಡೆಯದವರು ಅಜ್ಜಿಗೆ ಫೋನಿನಲ್ಲಿ ಇದನ್ನು ಹೇಳದಿದ್ದರಾಯಿತು. ಆದರೆ ಅದೇ ಕಾಡಿನಲ್ಲಿ ಅದನ್ನೇ ಹೋಲುವ, ವಿಷಕಾರಿಯಾದ ‘ಲಿಲಿ ಆಫ್ ದ ವ್ಯಾಲಿ’ ಗಿಡವೂ ಬೆಳೆಯುತ್ತದೆ. ಪ್ರತಿ ಎಲೆಯನ್ನೂ ಉಜ್ಜಿ ಮೂಸಿ, ಬೆಳ್ಳುಳ್ಳಿಯ ವಾಸನೆ ಬಂದರೆ ಮಾತ್ರ ಚೀಲಕ್ಕೆ ಹಾಕಬೇಕು. ನಾಲ್ಕಾರು ಎಲೆ ಉಜ್ಜಿದ ಮೇಲೆ ಬೆರಳಿಗೇ ವಾಸನೆ ಹತ್ತಿ ಮೂಗು ಮೋಸ ಹೋಗುತ್ತದೆ. ಆದ್ದರಿಂದ ಮೊದಲ ಸಲ ಬಲ್ಲವರ ಜೊತೆಗೇ ಹೋಗಿ.

ಪಕ್ಕದ ಜಟ್ಲೆಂಡ್ ಪರ್ಯಾಯ ದ್ವೀಪದ ದೇವಸ್ಥಾನಗಳ ವಿಷಯವನ್ನು ಹೊರಡುವ ಮುನ್ನ ನನಗೆ ಯಾರೂ ಹೇಳಿರಲಿಲ್ಲ. ಶ್ರೀಲಂಕಾದ ಅಂತರ್ಯುದ್ಧದಿಂದ ನಿರಾಶ್ರಿತರಾಗಿ 1980ರ ದಶಕದಲ್ಲಿ ಬಂದ ತಮಿಳರು ಆ ಭಾಗದಲ್ಲಿ ನೆಲೆಸಿದ್ದಾರೆ. ಹೆರ್ನಿಂಗ್ ಪಟ್ಟಣದಲ್ಲಿ ವಿನಾಯಕನಿಗೂ ಬ್ರಾಂಡೆಯಲ್ಲಿ ಅಭಿರಾಮಿ ಅಮ್ಮನಿಗೂ ಗುಡಿ ಕಟ್ಟಿಕೊಂಡಿದ್ದಾರೆ. ಓಡೆನ್ಸೆಯಿಂದ ರೈಲಿನಲ್ಲಿ ವೈಲೆಗೆ ಹೋಗಿ, ಅಲ್ಲಿ ರೈಲು ಬದಲಿಸಿದರೆ ಮೊದಲು ಬ್ರಾಂಡೆ, ಮುಂದೆ ಹೆರ್ನಿಂಗ್. ಬೇಸಿಗೆಯ ಉತ್ಸವದ ದಿನಗಳಲ್ಲಿ ಯುರೋಪಿನ ಬೇರೆ ದೇಶಗಳಿಂದಲೂ ತಮಿಳರು ಬಂದು ಸೇರುತ್ತಾರೆ. ಹೊಲಗಳ ನಡುವಿನ ರಸ್ತೆಯಲ್ಲಿ ನಾದಸ್ವರ ಕೇಳಿಸುವುದೂ, ಪಂಚೆಯುಟ್ಟವರ ಹಿಂದೆ ಡೇನಿಷ್ ಪೊಲೀಸನೊಬ್ಬ ಸಂಚಾರ ನಿಲ್ಲಿಸಿ ನಿಂತಿರುವುದೂ ನೋಡಲೇಬೇಕಾದ ದೃಶ್ಯ. ಭಾಷೆ ಬಾರದಿದ್ದರೂ ಊಟದ ಪಂಕ್ತಿಯಲ್ಲಿ ಕುಳಿತವರನ್ನು ಅವರು ಯಾವ ಊರಿನವರೆಂದು ಕೇಳದೆ ಬಿಡುವುದಿಲ್ಲ. ಹಬ್ಬದ ದಿನಾಂಕಗಳನ್ನು ಮೊದಲೇ ತಿಳಿದುಕೊಂಡು, ಆ ದಿನಕ್ಕೆ ರಜೆ ಹಾಕಿಡಿ. ಒಂದು ಪಂಚೆಯನ್ನೋ ಸೀರೆಯನ್ನೋ ಬ್ಯಾಗಿನಲ್ಲಿಟ್ಟುಕೊಂಡು ಹೋಗಿ.

ದೂರದ ಪ್ರಯಾಣಗಳಿಗೆ ರೈಲು ಟಿಕೆಟನ್ನು ‘ಡಿಎಸ್‌ಬಿ ಆರೆಂಜ್’ ಎಂಬ ಅಗ್ಗದ ದರದಲ್ಲಿ ಮುಂಚಿತವಾಗಿ ಕೊಳ್ಳಿ. ಹತ್ತಿರದ ಓಡಾಟಕ್ಕೆ ‘ರೈಸೆಕಾರ್ಟ್’ ಎಂಬ ಟಿಕೆಟ್ ವ್ಯವಸ್ಥೆಯನ್ನು ಬಳಸುವಾಗ ಹತ್ತುವಾಗ ಚೆಕ್ ಇನ್ ಮಾಡಿದಂತೆಯೇ ಇಳಿಯುವಾಗ ಚೆಕ್ ಔಟ್ ಮಾಡುವುದನ್ನು ಮರೆಯಬಾರದು. ಕೋಪನ್‌ಹೇಗನ್ನಿಗೆ ಎಲ್ಲರೂ ಹೋಗುತ್ತಾರೆ, ನೀವೂ ಹೋಗುತ್ತೀರಿ. ಸೇತುವೆ ಮತ್ತು ಸುರಂಗಗಳ 18 ಕಿಲೋಮೀಟರ್ ಉದ್ದದ ಸ್ಟೋರೆಬೆಲ್ಟ್ ಸಂಪರ್ಕದ ಮೂಲಕ ಕಡಲು ದಾಟುವ ರೈಲು ಪ್ರಯಾಣವೇ ಅದರಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ. ಅದಕ್ಕಿಂತ ಎರೋ ದ್ವೀಪಕ್ಕೆ ಒಂದು ದಿನ ಕೊಡಿ. ಸ್ವೆನ್‌ಬೋರಿನಿಂದ ದೋಣಿಯಲ್ಲಿ ಒಂದೂಕಾಲು ಗಂಟೆ, ದ್ವೀಪದೊಳಗಿನ ಬಸ್ಸು ಉಚಿತ, ಬಾಗಿದ ಗೋಡೆಗಳ ಹಳೆಯ ಮನೆಗಳ ನಡುವೆ ನಡೆದಾಡಲು ಯಾವ ಟಿಕೆಟ್ಟೂ ಬೇಡ. ಸಹಕಾರಿ ಸಂಘದಲ್ಲಿಯೇ ಅಡಿಕೆ ಮಾರಿ, ಅಲ್ಲಿಯೇ ದಿನಸಿ ತರುವ ಮನೆಗಳಿಂದ ಬಂದವರು ಪಶ್ಚಿಮ ಜಟ್ಲೆಂಡಿನ ಓಲ್ಗೋಡ್ ಬಳಿಯ ಹೆಡ್ಡಿಂಗ್ ಎಂಬ ಹಳ್ಳಿಗೂ ಹೋಗಿಬರಬೇಕು. ರೈತರು ಸೇರಿ ಡೆನ್ಮಾರ್ಕಿನ ಮೊದಲ ಸಹಕಾರಿ ಡೈರಿಯನ್ನು 1882ರಲ್ಲಿ ಆರಂಭಿಸಿದ್ದು ಅಲ್ಲಿ. ಈಗ ಅದು ವಸ್ತುಸಂಗ್ರಹಾಲಯ. ತೆರೆದಿರುವ ದಿನಗಳನ್ನು ವಿಚಾರಿಸಿಯೇ ಹೊರಡಿ, ದಾರಿ ಉದ್ದವಿದೆ.

ಋತುವನ್ನು ನೋಡಿ ಯೋಜನೆ ಹಾಕುವುದು ಮುಖ್ಯ. ಜೂನಿನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. 23ರ ರಾತ್ರಿ ಕಡಲ ದಂಡೆಗಳಲ್ಲಿ ದೊಡ್ಡ ಬೆಂಕಿ ಹಾಕಿ ಹಾಡುತ್ತಾರೆ, ಸೈಕಲ್ಲಿನಲ್ಲಿ ಕೆರ್ಟೆಮಿಂಡೆಯ ಕಡೆಗೆ ಹೋಗಿ ಸೇರಿಕೊಳ್ಳಿ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂ ಮುಕ್ಕಾಲಿಗೇ ಸೂರ್ಯ ಮುಳುಗಿರುತ್ತಾನೆ. ಕ್ರಿಸ್ಮಸ್ಸಿನ ವಾರ ಎಲ್ಲಕ್ಕಿಂತ ಕಠಿಣ: ಜೊತೆಗಿದ್ದ ಪೋಲೆಂಡ್, ರೊಮೇನಿಯಾದವರು ಊರಿಗೆ ಹೋಗಿರುತ್ತಾರೆ, 24ರ ಮಧ್ಯಾಹ್ನದ ಮೇಲೆ ಅಂಗಡಿಗಳೂ ಮುಚ್ಚಿರುತ್ತವೆ. ಮಾಲೀಕರೋ ಕ್ಲಬ್ಬಿನವರೋ ಆ ಸಂಜೆಗೆ ಕರೆದರೆ ಸಂಕೋಚಪಡದೆ ಒಪ್ಪಿಕೊಳ್ಳಿ. ಸಸ್ಯಾಹಾರಿಗಳೆಂದು ವಾರದ ಮೊದಲೇ ತಿಳಿಸಿ, ಏಕೆಂದರೆ ಕೆಂಪು ಕೋಸಿನ ಪಲ್ಯಕ್ಕೂ ಬಾತುಕೋಳಿಯ ಕೊಬ್ಬು ಹಾಕುವವರಿದ್ದಾರೆ. ಕೊನೆಗೆ ಬರುವ ‘ರಿಸಲಮಾಂಡ್’ ಎಂಬ ತಣ್ಣನೆಯ ಅನ್ನದ ಪಾಯಸದಲ್ಲಿ ಒಂದೇ ಒಂದು ಇಡೀ ಬಾದಾಮಿ ಅಡಗಿರುತ್ತದೆ. ಅದು ಸಿಕ್ಕವರು ಬಾಯಲ್ಲಿಯೇ ಬಚ್ಚಿಟ್ಟುಕೊಂಡು, ಉಳಿದವರು ಪಾತ್ರೆ ಬರಿದು ಮಾಡುವವರೆಗೆ ಸುಮ್ಮನಿರುತ್ತಾರೆ; ಬಹುಮಾನ ಅವರಿಗೆ.

ಮನೆಯ ನೆನಪಿಗೆ ಔಷಧವಿಲ್ಲ. ಭಾರತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮುಂದಿರುವುದರಿಂದ ಕೆಲಸ ಮುಗಿದ ಕೂಡಲೇ ಕರೆ ಮಾಡಿದರೆ ಊರಿನಲ್ಲಿ ರಾತ್ರಿಯ ಊಟದ ಹೊತ್ತು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ಜಾತ್ರೆಯಿಲ್ಲದ ವರ್ಷ ನೋಡಿ ಹೊರಡಿ ಎಂದು ಹೇಳೋಣವೆಂದರೆ, ಆಗ ಹೋಳಿಯ ಬೇಡರ ವೇಷ ತಪ್ಪುತ್ತದೆ.

ಕೊನೆಯದಾಗಿ ರಜೆಯ ಲೆಕ್ಕ. ಪ್ರತಿ ತಿಂಗಳ ದುಡಿಮೆಗೆ 2.08 ದಿನದಂತೆ ವರ್ಷಕ್ಕೆ ಐದು ವಾರದ ರಜೆ ಸೇರುತ್ತದೆ. ಮೊದಲ ತಿಂಗಳುಗಳಲ್ಲಿ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ದೊಡ್ಡ ಪ್ರಯಾಣವನ್ನು ವರ್ಷದ ಉತ್ತರಾರ್ಧಕ್ಕೆ ಇಟ್ಟುಕೊಂಡು, ನರ್ಸರಿಯಲ್ಲಿ ಮಾರಾಟದ ಒತ್ತಡವಿರುವ ವಾರಗಳನ್ನು ಬಿಟ್ಟು, ಮಾಲೀಕರಿಗೆ ಎರಡು ಮೂರು ತಿಂಗಳ ಮೊದಲೇ ಹೇಳಿಡಿ. ನಿವಾಸ ಪರವಾನಗಿ ಇರುವವರು ಒಂದೇ ವೀಸಾ ವ್ಯವಸ್ಥೆಯುಳ್ಳ ಯುರೋಪಿನ ಷೆಂಗೆನ್ ವಲಯದ ಉಳಿದ ದೇಶಗಳಲ್ಲಿ 180 ದಿನಗಳಿಗೆ 90 ದಿನಗಳ ಮಿತಿಯೊಳಗೆ ಬೇರೆ ವೀಸಾ ಇಲ್ಲದೆ ತಿರುಗಬಹುದು. ಹ್ಯಾಂಬರ್ಗ್, ಮಾಲ್ಮೋಗಳಂಥ ಹತ್ತಿರದ ಊರುಗಳಿಗೆ ಹೋಗುವಾಗಲೂ ಗಡಿಯಲ್ಲಿ ತಪಾಸಣೆ ನಡೆಯಬಹುದಾದ್ದರಿಂದ ಪಾಸ್‌ಪೋರ್ಟ್ ಮತ್ತು ನಿವಾಸ ಕಾರ್ಡ್ ಎರಡೂ ಜೊತೆಗಿರಲಿ. ತರಬೇತಿ ಮುಗಿದ ಮೇಲೆ ಆರಾಮಾಗಿ ಯುರೋಪು ಸುತ್ತಿ ಬರುತ್ತೇನೆ ಎಂಬ ಯೋಜನೆ ಮಾತ್ರ ಬೇಡ, ಪರವಾನಗಿ ತರಬೇತಿಗೇ ಅಂಟಿಕೊಂಡಿರುವುದು. ಸುತ್ತುವುದನ್ನೆಲ್ಲ ಕೊನೆಯ ಕೆಲಸದ ದಿನಕ್ಕೆ ಮೊದಲೇ ಮುಗಿಸಿಕೊಳ್ಳಿ.